ನೀಲವ್ವನ ಬೂಟು

ಮಿಯಾಪುರದಲ್ಲಿ ಮಗಳು ಫ್ಲ್ಯಾಟ್ ಕೊಂಡಿದ್ದಾಳೆ. ಹೋದ ತಿಂಗಳು ಅದನ್ನು ತೋರಿಸಲು ಧಾರವಾಡದಿಂದ ನನ್ನನ್ನು ಕರೆಸಿಕೊಂಡಳು. ಗೃಹಪ್ರವೇಶ ಇನ್ನೂ ಆಗಿರಲಿಲ್ಲ, ಒಳಗೆ ಫಾಲ್ಸ್ ಸೀಲಿಂಗ್ ಕೆಲಸ ನಡೆದಿತ್ತು. ಬಾಗಿಲು ತೆರೆದದ್ದೇ ತಡ, ನೀರಲ್ಲಿ ಕಲಸಿದ ಪ್ಲಾಸ್ಟರಿನ ವಾಸನೆ ಮೂಗಿಗೆ ಬಡಿಯಿತು. ಸುಣ್ಣದಂಥದ್ದೇ ಆದರೂ ಸುಣ್ಣವಲ್ಲದ, ತಣ್ಣಗೆ ಗಂಟಲಿಗೆ ಇಳಿಯುವ ವಾಸನೆ. ನಾನು ಬಾಗಿಲಲ್ಲೇ ನಿಂತುಬಿಟ್ಟೆ.

"ಧೂಳು ಐತಿ, ಕೆಮ್ಮು ಬರ್ತದ, ಹೊರಗ ಬಾ ಅವ್ವಾ" ಎಂದಳು ಮಗಳು. ಬರಲಿಲ್ಲ. ಏಣಿಯ ಮೇಲಿದ್ದವನು ಕೆಳಗಿನವನ ಜೊತೆ ಆಡುತ್ತಿದ್ದ ಮಾತು ನಮ್ಮ ಕಡೆಯದು. ಕನ್ನಡ ಕಿವಿಗೆ ಬಿದ್ದ ಮೇಲೆ ಸುಮ್ಮನಿರುವ ಜಾಯಮಾನ ನನ್ನದಲ್ಲ.

"ಯಾವೂರಪ್ಪಾ?"

"ಯಾದಗಿರಿ ಬಾಜೂಕ ರೀ ಅಮ್ಮಾರ."

"ಭಾಳ ವರ್ಷದ ಹಿಂದ ಹಣಮಂತ ಅಂತ ಒಬ್ಬಾವ ಇದ್ದ. ಇದೇ ಕೆಲಸ ಮಾಡ್ತಿದ್ದ. ಹೇಣ್ತಿ ಹೆಸರು ಮರೆಮ್ಮ. ಗೊತ್ತೇನು?"

ಅವನು ನಕ್ಕ. "ಯಾವ ಹಣಮಂತ ರೀ? ನಮ್ಮ ಕಡಿ ಒಂದು ಕಲ್ಲು ಒಗದ್ರ ನಾಕು ಮಂದಿ ಹಣಮಂತಗೋಳು ತಿರುಗಿ ನೋಡ್ತಾವ."

ನಾನೂ ನಕ್ಕೆ. ಆಮೇಲೆ ಬಾಲ್ಕನಿಗೆ ಹೋಗಿ ಮೆಟ್ರೋ ರೈಲು ನೋಡುವವಳಂತೆ ಬೆನ್ನು ತಿರುಗಿಸಿ ನಿಂತೆ. ಕಣ್ಣು ತುಂಬಿಬಂದಿತ್ತು, ಮಗಳಿಗೆ ಅದು ಧೂಳಿನ ದೆಸೆಯಿಂದ ಎಂದೇ ಅನ್ನಿಸಿರಬೇಕು.

ನಾವು ಲಿಂಗಂಪಲ್ಲಿಯಲ್ಲಿದ್ದಾಗಿನ ಮಾತು. ನಮ್ಮ ಯಜಮಾನರು ರಕ್ಷಣಾ ಇಲಾಖೆಯ ಕಾರ್ಖಾನೆಯಲ್ಲಿ ಫೋರ್‌ಮನ್. ಕ್ವಾರ್ಟರ್ಸ್ ಸಿಕ್ಕಿರಲಿಲ್ಲವಾದ್ದರಿಂದ ಸ್ಟೇಷನ್ನಿನ ಹಿಂದೆ ಹಿತ್ತಲಿದ್ದ ಒಂದು ಬಾಡಿಗೆ ಮನೆ ಹಿಡಿದಿದ್ದೆವು. ಅವರು, ನಾನು, ಶಾಲೆಗೆ ಹೋಗುವ ಮಗಳು, ನಮ್ಮ ಅತ್ತೆ. ಅತ್ತೆ ಬಾಗಲಕೋಟೆಯ ಹೆಣ್ಣು. ಅವರ ಕಾನೂನು ಒಂದೇ: ಮೆಟ್ಟು ಹೊಸ್ತಿಲ ಹೊರಗೆ. ಕರೆಂಟ್ ಮೀಟರ್ ನೋಡಲು ಬಂದವನ ಬೂಟನ್ನೂ ಬಿಚ್ಚಿಸಿ ಒಳಗೆ ಬಿಟ್ಟ ಹೆಂಗಸು ಅವರು.

ಊರಿಗೆ ಊರೇ ಗಾಜು ಹೊದೆಯುತ್ತಿದ್ದ ಕಾಲ ಅದು. ಮಾಧಾಪುರದ ಕಡೆ ಬಂಡೆ ಸಿಡಿಸುವ ಸದ್ದು ದಿನವೂ ಕೇಳುತ್ತಿತ್ತು. ನಿನ್ನೆ ಕುರಿ ಮೇಯುತ್ತಿದ್ದ ಬಯಲಲ್ಲಿ ಇವತ್ತು ಕಂಪೆನಿಯ ಬೋರ್ಡು. ತರಕಾರಿ ಮಾರುವವಳೂ ಬದನೆಕಾಯಿ ತೂಗುತ್ತಾ ಗಜಕ್ಕೆ ಎಷ್ಟಾಯಿತೆಂದು ಜಾಗದ ದರ ಹೇಳುತ್ತಿದ್ದಳು. ನಮ್ಮ ಪಕ್ಕದ ಖಾಲಿ ಸೈಟಿನಲ್ಲೂ ಅಪಾರ್ಟ್‌ಮೆಂಟ್ ಏಳತೊಡಗಿತು. ಅದರ ಅಂಚಿಗೆ ನೀಲಿ ತಾಡಪತ್ರಿಯ ಗುಡಿಸಲುಗಳು ಬಂದವು, ಗುಡಿಸಲುಗಳ ಜೊತೆ ಮರೆಮ್ಮ ಬಂದಳು.

ಮೊದಲ ಮಳೆ ಬಿದ್ದ ವಾರ. "ನೀರು ಕೊಡ್ರೀ ಅವ್ವಾರ" ಎಂದು ಯಾರೋ ಗೇಟಿನ ಹೊರಗೆ ಕನ್ನಡದಲ್ಲೇ ಕೂಗಿದರು. ಒಳಗಿನ ನಮ್ಮ ಮಾತು ಕೇಳಿಸಿಕೊಂಡು ಧೈರ್ಯ ಮಾಡಿದ್ದಳಂತೆ. ಇನ್ನೂ ಹುಡುಗಿಯೇ, ಇಪ್ಪತ್ತು ದಾಟಿದ್ದರೆ ಹೆಚ್ಚು. ಸೊಂಟದಲ್ಲಿ ಕೊಡ, ಬೆನ್ನಿಗೆ ಕಟ್ಟಿದ ಸೀರೆಯ ಜೋಳಿಗೆಯಲ್ಲಿ ಎಳೆಯ ಕೂಸು. ಆ ಸೆಕೆಯಲ್ಲೂ ಕೂಸಿನ ಕಾಲಿಗೆ ಬಟ್ಟೆ ಸುತ್ತಿತ್ತು. ಗಾಳಿಯಾಡಲಿ, ಬಿಚ್ಚು ಎಂದೆ. ಅವಳು ಬಿಚ್ಚಲಿಲ್ಲ. ಮರುದಿನವೂ ಬಿಚ್ಚಲಿಲ್ಲ. ಮೂರನೆಯ ಸಲ ನಾನೇ ಬಿಚ್ಚಿದೆ.

ಎರಡೂ ಪಾದಗಳು ಒಳಕ್ಕೆ ತಿರುಗಿದ್ದವು, ಅಂಗಾಲು ಅಂಗಾಲನ್ನು ನೋಡುತ್ತಿತ್ತು. ಉಳಿದಂತೆ ಬೆಣ್ಣೆಯಂಥ ಕೂಸು, ಹೆಸರು ನೀಲವ್ವ.

"ಗ್ರಹಣದಾಗ ನಾ ಸೌತಿಕಾಯಿ ಹೆಚ್ಚೀನಂತ ರೀ" ಎಂದಳು ಮರೆಮ್ಮ, ನೆಲ ನೋಡುತ್ತಾ. "ನಮ್ಮತ್ತಿ ಹೇಳ್ತಾಳ. ನನಗ ನೆನಪಿಲ್ಲ. ಹೆಚ್ಚಿರಬೇಕು."

ನನಗೆ ಮೈ ಉರಿಯಿತು. ಗ್ರಹಣವಂತೆ, ಸೌತೆಕಾಯಿಯಂತೆ! ಇದಕ್ಕೆ ಔಷಧ ಇರಲೇಬೇಕು, ನಾನು ವಿಚಾರಿಸುತ್ತೇನೆ ಎಂದುಬಿಟ್ಟೆ. 'ನನಗೆ ಗೊತ್ತಿಲ್ಲ' ಎಂಬ ಮಾತು ನನ್ನ ಬಾಯಿಗೆ ಅಷ್ಟು ಸುಲಭವಾಗಿ ಬರುವುದಿಲ್ಲ. ವಿಚಾರಿಸಲು ಹೊರಟ ಮೇಲೆ ತಿಳಿಯಿತು, ಆ ಊರಿನಲ್ಲಿ ಅಷ್ಟು ವರ್ಷ ಇದ್ದು ನನಗೆ ಗೊತ್ತಿದ್ದದ್ದು ಜೋಳದ ಹಿಟ್ಟಿನ ಗಿರಣಿ, ಸೀರೆ ಅಂಗಡಿ, ಮಗಳ ಟ್ಯೂಷನ್ ಮನೆ, ಇಷ್ಟೇ. ಕೂಲಿಯವರ ಕೂಸಿನ ಕಾಲು ಯಾರು ನೋಡುತ್ತಾರೆ ಎಂದು ಕೇಳಿದರೆ ನಮ್ಮ ಓಣಿಯಲ್ಲಿ ಯಾರಿಗೂ ಉತ್ತರವಿರಲಿಲ್ಲ.

ಕಾರ್ಖಾನೆಯ ಡಿಸ್ಪೆನ್ಸರಿಯಲ್ಲಿ ಕಾರ್ಡಿಲ್ಲದವರನ್ನು ನೋಡುವುದಿಲ್ಲ ಎಂದರು. ಸರಕಾರಿ ಆಸ್ಪತ್ರೆಯೊಂದರಲ್ಲಿ ಸಾಲು ಕರಗುವ ಹೊತ್ತಿಗೆ ಮೂಳೆ ಡಾಕ್ಟರು ಎದ್ದು ಹೋಗಿದ್ದರು. ಹೊಸದಾಗಿ ತೆರೆದಿದ್ದ ಗಾಜಿನ ಬಾಗಿಲಿನ ಆಸ್ಪತ್ರೆಯೊಂದಕ್ಕೆ ಹೋದೆವು. ಕೂಸಿಗೆ ಎರಡು ವರ್ಷ ತುಂಬಲಿ, ಆಪರೇಷನ್ ಮಾಡೋಣ ಎಂದು ಅಲ್ಲಿನವರು ನಗುನಗುತ್ತಾ ಹೇಳಿ ಕಳಿಸಿದರು. ಹೊರಗೆ ಬಂದು ನೋಡಿದರೆ ಮರೆಮ್ಮನ ಚಪ್ಪಲಿ ಇರಲಿಲ್ಲ. ಬಾಗಿಲಾಚೆ ಬಿಟ್ಟು ಒಳಗೆ ಬಂದಿದ್ದಳು!

"ದವಾಖಾನಿ ಒಳಗ ಚಪ್ಪಲಿ ಹಾಕ್ಕೊಂಡು ಬಂದ್ರ ನಡೀತದವ್ವಾ" ಎಂದೆ.

"ಇಷ್ಟು ಹೊಳಿಯಾಕತ್ತಿತ್ತಲ್ರೀ ನೆಲ. ಹ್ಯಾಂಗ ತುಳೀಲಿ ರೀ?"

ಬಸ್ ಸ್ಟಾಪಿನವರೆಗೂ ಬರಿಗಾಲಲ್ಲಿ ನಡೆದಳು. ನಾನು ದಾರಿಯುದ್ದಕ್ಕೂ ಆಸ್ಪತ್ರೆಯವರನ್ನು ಬೈದೆ, ಅವಳು ದಾರಿಯುದ್ದಕ್ಕೂ ನನ್ನನ್ನು ಸಮಾಧಾನ ಮಾಡಿದಳು.

ನಮ್ಮ ಓಣಿಯ ಕೊನೆಗೆ, ನೀರಿನ ಟ್ಯಾಂಕಿನ ಕೆಳಗೆ, ಒಂದು ಕೋಣೆಯ ಅಂಗನವಾಡಿ ಇತ್ತು. ದಿನಾ ಅದರ ಮುಂದೆಯೇ ಹಾದುಹೋಗುತ್ತಿದ್ದೆವು. ಅಲ್ಲಿ ಏನು ಸಿಕ್ಕೀತು, ಮಕ್ಕಳಿಗೆ ಉಪ್ಪಿಟ್ಟು ಕೊಡುತ್ತಾರೆ ಅಷ್ಟೇ ಎಂದುಕೊಂಡಿದ್ದೆ. ಒಂದು ದಿನ ಮಳೆ ಜೋರಾಗಿ ಅದರ ಬಾಗಿಲಲ್ಲಿ ನಿಂತೆವು. ಅಲ್ಲಿನ ಟೀಚರು ಯಾದಮ್ಮ, ದಪ್ಪ ದನಿಯ ತೆಲುಗು ಹೆಂಗಸು, ಕೂಸನ್ನು ಎತ್ತಿಕೊಂಡವಳೇ ಪಾದ ನೋಡಿದಳು. "ಏಂ ಕಾದಮ್ಮಾ, ಏನೂ ಆಗೋದಿಲ್ಲ ಬಿಡು" ಎಂದಳು. ಅವಳ ಅಕ್ಕನ ಮೊಮ್ಮಗನಿಗೂ ಹೀಗೇ ಇತ್ತಂತೆ. ಮೂಸಿ ನದಿಯ ಆಚೆ ಒಂದು ಹಳೆಯ ಧರ್ಮಾಸ್ಪತ್ರೆ, ಅಲ್ಲಿ ಮಂಗಳವಾರಕ್ಕೊಮ್ಮೆ ಇಂಥ ಪಾದಗಳನ್ನಷ್ಟೇ ನೋಡುತ್ತಾರೆ, ದುಡ್ಡಿಲ್ಲ, ಕೊಯ್ಯುವುದಿಲ್ಲ, ಬರೀ ಪ್ಲಾಸ್ಟರು. ಬಸ್ಸು ಎಲ್ಲಿ ಬದಲಿಸಬೇಕೆಂಬುದನ್ನೂ ಹೇಳಿದಳು. ಕಂಕುಳಲ್ಲಿ ಕೂಸನ್ನಿಟ್ಟುಕೊಂಡು ಊರೆಲ್ಲ ಹುಡುಕಿದರು ಎಂಬ ಮಾತು ನಮಗೆಂದೇ ಹುಟ್ಟಿದ್ದಿರಬೇಕು.

ಆಷಾಢದಿಂದ ಶುರುವಾಯಿತು ನಮ್ಮ ಮಂಗಳವಾರ. ಬೆಳಿಗ್ಗೆ ಮರೆಮ್ಮ ನಮ್ಮ ಹಿತ್ತಲಿಗೆ ಬರುತ್ತಿದ್ದಳು. ಹಿಂದಿನ ವಾರದ ಪ್ಲಾಸ್ಟರನ್ನು ಬೆಚ್ಚಗಿನ ನೀರಲ್ಲಿ ನೆನೆಸಿ ಬಿಚ್ಚಿಕೊಂಡು ಹೋಗಬೇಕು. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ಕೂಸಿನ ಎರಡೂ ಕಾಲು ಬಕೆಟ್ಟಿಗೆ ಇಳಿಬಿಟ್ಟು ಸುರುಳಿ ಬಿಚ್ಚುತ್ತಿದ್ದಳು. ಮೇಲೆ ಮಳೆ, ಕೆಳಗೆ ಬೆಳ್ಳಗಾದ ನೀರು, ಹಿತ್ತಲೆಲ್ಲ ಅದೇ ವಾಸನೆ.

"ಇದು ನಮ್ಮ ಮನಿಯವ್ರು ಛತ್ತಿಗಿ ಹಚ್ಚೋದು ಅಲ್ರೀ ಅಮ್ಮಾರ? ಅದೇ ಪುಡಿ!" ಎಂದು ಮೊದಲ ದಿನ ಅಚ್ಚರಿಪಟ್ಟಿದ್ದಳು. ಗಂಡ ಹಣಮಂತ ಕಂಪೆನಿಗಳ ಆಫೀಸುಗಳಲ್ಲಿ ಪ್ಲಾಸ್ಟರಿನ ಸೀಲಿಂಗ್ ಮಾಡುತ್ತಿದ್ದ. ಒಳ್ಳೆಯ ಕೈ. ಒಮ್ಮೆ ಗುಡಿಸಲು ಸೋರಿ ಕೂಸಿನ ಪ್ಲಾಸ್ಟರಿನ ಅಂಚು ಮೆತ್ತಗಾಯಿತು. ಮಂಗಳವಾರದವರೆಗೆ ಕಾಯುವುದೇಕೆ ಎಂದು ಇವನು ತನ್ನ ಪುಡಿ ಕಲಸಿ ಸರಿ ಮಾಡಿದ. ಸರಿ ಮಾಡಿದ್ದಷ್ಟೇ ಅಲ್ಲ, ಆಫೀಸುಗಳ ಛಾವಣಿಗೆ ಮಾಡುವಂಥ ಬಳ್ಳಿಯ ಅಂಚನ್ನೂ ತೊಡೆಯ ಸುತ್ತ ಎಳೆದಿದ್ದ. ಡಾಕ್ಟರಮ್ಮ ನೋಡಿ ಬೈಯಲೆಂದು ಬಾಯಿ ತೆರೆದವರು ನಕ್ಕುಬಿಟ್ಟರು. ಪಕ್ಕದ ಕೋಣೆಯವರನ್ನೂ ಕರೆದು ತೋರಿಸಿದರು. ಆಮೇಲೆ ಹಿಂದಿಯಲ್ಲಿ ಖಡಕ್ಕಾಗಿ, ಇನ್ನೊಮ್ಮೆ ಮುಟ್ಟಕೂಡದು ಎಂದು ಹೇಳಿ ಕಳಿಸಿದರು.

ಆ ಡಾಕ್ಟರಮ್ಮ ಪಾದವನ್ನು ಜಗ್ಗುತ್ತಿರಲಿಲ್ಲ. ಹೆಬ್ಬೆರಳಿನಿಂದ ಒತ್ತಿ ಹಿಡಿದು, ಕೂಸಿಗೆ ಏನೋ ಹೇಳುತ್ತಾ, ಹೋದ ವಾರಕ್ಕಿಂತ ಸ್ವಲ್ಪ ಹೊರಕ್ಕೆ ತಿರುಗಿಸಿ ಅಲ್ಲೇ ನಿಲ್ಲಿಸಿ ಪ್ಲಾಸ್ಟರು ಸುತ್ತಿಸುತ್ತಿದ್ದರು. ಹೊರಗಿನ ಬೆಂಚಿನಲ್ಲಿ ಹಳೇ ಊರಿನ ಬುರ್ಖಾದ ಹೆಂಗಸರು, ಪಾಲಮೂರಿನವರು, ನಾಂದೇಡದವರು, ಎಲ್ಲರ ಮಡಿಲಲ್ಲೂ ಬಿಳಿ ಕಾಲಿನ ಕೂಸುಗಳು. ಮರೆಮ್ಮನಿಗೆ ಅದೇ ದೊಡ್ಡ ಸಮಾಧಾನವಾಯಿತು. "ಇಷ್ಟೂ ಮಂದಿ ಗ್ರಹಣದಾಗ ಸೌತಿಕಾಯಿ ಹೆಚ್ಯಾರೇನ್ರಿ?" ಎಂದು ನನ್ನ ಕಿವಿಯಲ್ಲಿ ಕೇಳಿ, ಬಾಯಿಗೆ ಸೆರಗು ಮುಚ್ಚಿ ನಕ್ಕಳು. ಅವಳು ಬಾಯಿತುಂಬ ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು.

ಯಾದಮ್ಮನೂ ಕೈ ಬಿಡಲಿಲ್ಲ. ಅಷ್ಟು ಸಣ್ಣ ಕೂಸನ್ನು ಅಂಗನವಾಡಿಗೆ ಸೇರಿಸುವ ಹಾಗಿಲ್ಲ. ಆದರೂ ಮರೆಮ್ಮ ಇಟ್ಟಿಗೆ ಹೊರುವ ಹೊತ್ತಿನಲ್ಲಿ ಕಿಟಕಿಯ ಸರಳಿಗೆ ಜೋಳಿಗೆ ಕಟ್ಟಿ ನೀಲವ್ವನನ್ನು ಮಲಗಿಸಿಕೊಳ್ಳುತ್ತಿದ್ದಳು. ಮೇಲಿನವರು ಬಂದರೆ ನನ್ನ ತಂಗಿಯ ಕೂಸು ಎನ್ನುತ್ತೇನೆ ಎಂದು ನನಗೆ ಕಣ್ಣು ಮಿಟುಕಿಸಿದಳು.

ದಸರೆಯ ಹೊತ್ತಿಗೆ ಕೊನೆಯ ಪ್ಲಾಸ್ಟರು ಬಿಚ್ಚಿದರು. ಎರಡೂ ಪಾದ ನೆಟ್ಟಗೆ, ಯಾರ ಕೂಸಿನ ಪಾದದ ಹಾಗೆ ಬೇಕಾದರೂ ಇದ್ದವು. ಮರೆಮ್ಮ ಅವುಗಳನ್ನು ಕಣ್ಣಿಗೊತ್ತಿಕೊಂಡಳು. ನಾನು ಅಷ್ಟು ಸುಲಭಕ್ಕೆ ಅಳುವವಳಲ್ಲ, ಅವತ್ತು ಅತ್ತುಬಿಟ್ಟೆ. ಡಾಕ್ಟರಮ್ಮ ಮಾತ್ರ ಅಳಲು ಬಿಡದೆ ಒಂದು ಜೊತೆ ಪುಟ್ಟ ಬೂಟು ತಂದರು. ಎರಡಕ್ಕೂ ನಡುವೆ ಒಂದು ಕಬ್ಬಿಣದ ಪಟ್ಟಿ. ಮೂರು ತಿಂಗಳು ಹಗಲೂ ರಾತ್ರಿ ಹಾಕಿರಬೇಕು, ಸ್ನಾನಕ್ಕೆ ಬಿಟ್ಟರೆ ಬಿಚ್ಚಕೂಡದು. ಆಮೇಲೆ ನಾಲ್ಕು ವರ್ಷದವರೆಗೆ ಮಲಗುವಾಗ. ಪಾದಕ್ಕೆ ತನ್ನ ಹಳೆಯ ಚಾಳಿ ನೆನಪಿರುತ್ತದೆ, ಬೂಟು ಬಿಟ್ಟರೆ ಹಿಂದಕ್ಕೆ ತಿರುಗುತ್ತದೆ ಎಂದರು. ನಾನು ಒಂದೊಂದೇ ಮಾತನ್ನು ಕನ್ನಡ ಮಾಡಿ ಹೇಳಿದೆ. ಮರೆಮ್ಮ ಒಂದೊಂದಕ್ಕೂ ತಲೆಯಾಡಿಸಿದಳು.

ಅಂದು ಸಂಜೆ ನಮ್ಮ ಅತ್ತೆಗೆ ತೋರಿಸಲು ಕೂಸನ್ನು ಕರೆತಂದಳು. ನಮ್ಮ ಹೊಸ್ತಿಲ ಹತ್ತಿರ ತನ್ನ ಚಪ್ಪಲಿ ಬಿಟ್ಟಳು. ಆಮೇಲೆ ಅಲ್ಲೇ ಕೂತು ಕೂಸಿನ ಬೂಟಿನ ಪಟ್ಟಿಗೂ ಕೈ ಹಾಕಿದಳು!

"ಏ, ತಗೀಬ್ಯಾಡ!" ಎಂದು ಚೀರಿದೆ.

"ದೇವರ ಮನಿ ಐತಲ್ರೀ ಒಳಗ."

ಅತ್ತೆ ಬಾಗಿಲಲ್ಲೇ ನಿಂತಿದ್ದರು. ಮೊದಲ ಸಲ ಅವರ ಕಾನೂನಿಗೂ ನನ್ನ ಹಟಕ್ಕೂ ಮುಖಾಮುಖಿಯಾಯಿತು. ನಾನು ಬೂಟು ಸಮೇತ ಕೂಸನ್ನೆತ್ತಿ ಅವರೆದುರೇ ಒಳಗೆ ನಡೆದೆ. ಅತ್ತೆ ಮುಖ ಗಂಟಿಕ್ಕಿದರು. "ಮೆಟ್ಟು ಮೆಟ್ಟೇ. ಔಷಧ ಅಂದ ಮಾತ್ರಕ್ಕ ಟೊಪಗಿ ಆಗ್ತದೇನು?" ಎಂದು ಗೊಣಗಿ ದೇವರ ಮನೆಯ ಪರದೆ ಎಳೆದರು. ಅವರು ಅಂದದ್ದು ಅಷ್ಟೇ. ಮರೆಮ್ಮನ ಮುಖ ಮಾತ್ರ ಸಣ್ಣದಾಗಿತ್ತು.

ಎಳ್ಳಮಾಸಿ ಬಂತು. ಅವರ ಕಡೆ ಎಳ್ಳು ಅಮಾವಾಸ್ಯೆ ಎಂದರೆ ಎಲ್ಲ ಹಬ್ಬಗಳಿಗಿಂತ ದೊಡ್ಡದು, ಎಲ್ಲಿದ್ದರೂ ಊರಿಗೆ ಹೋಗಿ ಹೊಲದಲ್ಲಿ ಭೂತಾಯಿಗೆ ಎಡೆಯ ಚರಗ ಚೆಲ್ಲಿ ಉಣ್ಣಬೇಕು. ಕೂಸಿನ ಜವಳವನ್ನೂ ಮುಗಿಸಿಕೊಂಡು ಬರುತ್ತೇವೆ ಎಂದಳು. ವಾಡಿ ಕಡೆಯ ಪ್ಯಾಸೆಂಜರಿಗೆ ಲಿಂಗಂಪಲ್ಲಿ ಸ್ಟೇಷನ್ನಿನಲ್ಲಿ ನಾನೇ ಹತ್ತಿಸಿದೆ. ಬೂಟು ಹಾಕಿದ ಕಾಲು ಕಿಟಕಿಯಿಂದ ಹೊರಗೆ ಕಾಣುತ್ತಿತ್ತು. "ವಾರದಾಗ ಬರ್ತೀವ್ರಿ" ಎಂದ ಹಣಮಂತ.

ತೊಗರಿ ರಾಶಿ ಇತ್ತು, ಜವಳ ಮುಂದೆ ಹೋಯಿತು, ಹಣಮಂತನ ತಾಯಿಗೆ ಜ್ವರ ಬಂತು. ಅವರು ಬಂದದ್ದು ಶಿವರಾತ್ರಿಯ ಹೊತ್ತಿಗೆ.

ಗೇಟಿನಿಂದಲೇ ಮರೆಮ್ಮ ಕೂಗಿದಳು, "ಅಮ್ಮಾರ, ನೀಲವ್ವ ನಿಂತಾಳ್ರೀ! ನಿಮ್ಮ ಮುಂದ ನಿಲ್ಲಸ್ತೀನಿ ನೋಡ್ರಿ!" ಕಟ್ಟೆಗೆ ಕೂಸಿನ ಕೈ ಹಚ್ಚಿ ಬಿಟ್ಟಳು. ನೀಲವ್ವ ನಿಂತಳು. ಬೋಳಿಸಿದ ತಲೆ, ಎರಡು ಹಲ್ಲು, ಕೇಕೆ ಹಾಕಿ ನಗುತ್ತಿದ್ದಳು. ಪಾದದ ಹೊರ ಅಂಚುಗಳ ಮೇಲೆ ನಿಂತಿದ್ದಳು. ಅಂಗಾಲುಗಳು ಮತ್ತೆ ಒಂದನ್ನೊಂದು ನೋಡುತ್ತಿದ್ದವು.

ಮರೆಮ್ಮ ಚಪ್ಪಾಳೆ ತಟ್ಟುತ್ತಲೇ ಇದ್ದಳು, ಅವಳ ಕಣ್ಣಲ್ಲಿ ಮಾತ್ರ ನೀರು ಸುರಿಯುತ್ತಿತ್ತು. ಅವಳಿಗೂ ಗೊತ್ತಿತ್ತು.

"ಬೂಟು ಎಲ್ಲದಾವ?"

ಚೀಲದಿಂದ ತೆಗೆದಳು. ಹೊಸ ಕುಪ್ಪಸದ ಖಣದಲ್ಲಿ ಸುತ್ತಿ ಇಟ್ಟಿದ್ದಳು, ಚರ್ಮಕ್ಕೆ ಎಣ್ಣೆ ಸವರಿದ್ದರಿಂದ ಮಿರಮಿರ ಮಿಂಚುತ್ತಿದ್ದವು. ಅಟ್ಟೆ ಒಂದಿಷ್ಟೂ ಸವೆದಿರಲಿಲ್ಲ.

"ನಮ್ಮದು ಒಂದೇ ಅಂಕಣದ ಮನಿ ರೀ. ದೇವರ ಜಗಲಿ ಬಾಜೂಕ ನಮ್ಮ ಹಾಸಿಗಿ. ಹಾಸಿಗಿ ಮ್ಯಾಲ ಮೆಟ್ಟು ಹಾಕ್ಕೊಂಡು ಮಲಗೋದು ಎಲ್ಲ್ಯಾರ ಐತೇನು ಅಂದ್ಳ್ರಿ ನಮ್ಮತ್ತಿ. ಕಾಲು ನೆಟ್ಟಗ ಆಗ್ಯಾವಲ್ಲ, ಇನ್ಯಾಕ ಅಂದ್ಳು. ಹೌದಲ್ರೀ, ನೆಟ್ಟಗೇ ಇದ್ವಲ್ರೀ? ಹೊರಗ ಇಟ್ರ ನಾಯಿ ಒಯ್ದಾವಂತ ಸೂರಿಗೆ ಕಟ್ಟಿದ್ವಿ. ದಿನಾ ಒರಸಿ ಇಟ್ಟೀನ್ರಿ."

ಯಾರನ್ನು ಬೈಯಲಿ? ಆ ಮುದುಕಿಯನ್ನು ನಾನು ನೋಡಿರಲಿಲ್ಲ, ಆದರೂ ಅವಳು ಯಾರೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಅಂಥವರೊಬ್ಬರು ನಮ್ಮ ಮನೆಯಲ್ಲೇ ಜಪಮಾಲೆ ಹಿಡಿದು ಕೂತಿದ್ದರು. ಊರಿನ ಆ ಮುದುಕಿಗೆ ಮೊಮ್ಮಗಳ ಮೇಲೆ ಪ್ರೀತಿಯೇನೂ ಕಡಿಮೆ ಇರಲಿಲ್ಲ. ಜ್ವರದಲ್ಲೂ ಆ ಕೂಸಿನ ಹೆಸರಿಗೆ ಹರಕೆ ಹೊತ್ತಿದ್ದಳಂತೆ.

ಮಂಗಳವಾರ ಮತ್ತೆ ಬಸ್ಸು ಹತ್ತಿದೆವು. ಡಾಕ್ಟರಮ್ಮ ಪಾದ ಹಿಡಿದು ಹೆಬ್ಬೆರಳಿನಿಂದ ಒತ್ತಿ ನೋಡಿದರು. ಸಿಟ್ಟಾಗಲಿಲ್ಲ. ಮತ್ತೆ ಶುರು ಮಾಡೋಣ, ಈ ಸಲ ಸ್ವಲ್ಪ ಗಟ್ಟಿಯಾಗಿದೆ, ಒಂದು ವಾರವೂ ತಪ್ಪಿಸಬೇಡಿ, ಮುಂದಿನ ಮಂಗಳವಾರ ಪ್ಲಾಸ್ಟರಿಗೆ ಬನ್ನಿ ಎಂದರು. ಬಸ್ಸಿನಲ್ಲಿ ಮರೆಮ್ಮ ನನ್ನ ಮುಖ ನೋಡದೆ ಹೇಳಿದಳು: "ಬಿಲ್ಡಿಂಗ್ ಮುಗೀಲಿಕ್ಕ ಬಂತ್ರಿ. ಮೇಸ್ತ್ರಿ ಪುಣೇಕ ಕರೀಲಿಕ್ಕತ್ಯಾನ. ಟೋಳಿ ಹ್ವಾದ್ರ ನಾವೂ ಹೋಗ್ಬೇಕು."

ಮೇಸ್ತ್ರಿಯ ಟೋಳಿ ಎಂದರೆ ಹಾಗೆಯೇ. ಗುಂಪಿನಲ್ಲಿ ಒಬ್ಬರು ಹಿಂದೆ ಉಳಿದರೆ ಮುಂದಿನ ಸಲ ಅವರಿಗೆ ಕೆಲಸವಿಲ್ಲ.

ಮನೆಗೆ ಬಂದು ಅತ್ತೆಯ ಮುಂದೆ ಹೊಟ್ಟೆಯಲ್ಲಿದ್ದುದನ್ನೆಲ್ಲ ಕಾರಿದೆ. ಒಂದು ಕೂಸಿನ ಕಾಲಿಗಿಂತ ನಿಮ್ಮ ಹೊಸ್ತಿಲು ದೊಡ್ಡದಾಯಿತೇ ಎಂದೂ ಅಂದೆ. ಆ ಊರಿನ ಮುದುಕಿಗೆ ಆಡಬೇಕಾದ ಮಾತು ಇವರ ಪಾಲಿಗೆ ಬಂತು. ಸಂಜೆ ಮರೆಮ್ಮ ನೀರಿಗೆ ಬಂದಾಗ ಅತ್ತೆಯೇ ಅವಳನ್ನು ಕರೆದರು.

"ನಮ್ಮ ಹಿತ್ತಲದಾಗ ಕೋಣಿ ಐತಿ. ಗಂಡ ಪುಣೇಕ ಹೋಗ್ಲಿ, ಕಾಲು ಸರಿ ಆಗೂ ತನಕ ನೀ ಕೂಸಿನ ಜೋಡಿ ಇಲ್ಲೇ ಇರು. ನಮ್ಮ ಮನಿ ಕೂಳು ಉಂಡ್ರ ನಿನಗೇನು ಆಗೂದಿಲ್ಲ. ಬೂಟು ಹಾಕಿಸೂದು ನಾ ನೋಡ್ಕೋತೀನಿ."

ಮರೆಮ್ಮ ಅವರ ಕಾಲು ಮುಟ್ಟಿದಳು. "ಅವ್ರಿಗಿ ಕೇಳಿ ಹೇಳ್ತೀನ್ರಿ ಯಮ್ಮಾ" ಎಂದಳು.

ಮರುದಿನ, ಅದರ ಮರುದಿನ ಅವಳು ನೀರಿಗೆ ಬರಲಿಲ್ಲ. ಕೊನೆ ಹಂತದ ಕೆಲಸದ ಗಡಿಬಿಡಿ ಇರಬೇಕೆಂದುಕೊಂಡೆ. ನಾನು ಹಿತ್ತಲ ಕೋಣೆ ಗುಡಿಸಿ, ತೊಳೆದು, ಜೋಳಿಗೆ ಕಟ್ಟಲು ಕೊಕ್ಕೆ ಹೊಡೆಸಿದೆ.

ಸೋಮವಾರ ಬೆಳಿಗ್ಗೆ ಎದ್ದು ಬರುವಾಗ ಮುಂಬಾಗಿಲು ತೆರೆದಿತ್ತು. ರಂಗೋಲಿ ಅರ್ಧಕ್ಕೇ ನಿಂತಿತ್ತು. ಅತ್ತೆ ಪಡಸಾಲೆಯಲ್ಲಿ ನೆಲದ ಮೇಲೆ ಕೂತಿದ್ದರು, ಮಡಿಲಲ್ಲಿ ಖಣದ ಗಂಟು ಬಿಚ್ಚಿಕೊಂಡಿತ್ತು, ಅದರೊಳಗೆ ನೀಲವ್ವನ ಬೂಟು.

"ಎಲ್ಲಿತ್ತು?" ಎಂದು ಕೇಳಿದೆ.

"ಹೊರಗ. ನಮ್ಮ ಚಪ್ಪಲಿ ಸಾಲಿನಾಗ."

ಸೈಟಿಗೆ ಓಡಿದೆ. ತಾಡಪತ್ರಿಗಳಿರಲಿಲ್ಲ, ಒಲೆಯ ಕಲ್ಲುಗಳಷ್ಟೇ ಇದ್ದವು. ಲಾರಿ ನಸುಕಿನಲ್ಲೇ ಹೋಯಿತೆಂದ ವಾಚ್‌ಮನ್. ಪುಣೆಯಲ್ಲಿ ಯಾವ ಕಡೆ ಎಂದರೆ ಅವನಿಗೆ ಗೊತ್ತಿಲ್ಲ. ಪುಣೆಯಲ್ಲೂ ಇಂಥ ಆಸ್ಪತ್ರೆ ಇದ್ದೇ ಇರುತ್ತದೆ, ಇಂಥ ಯಾದಮ್ಮನೂ ಇರುತ್ತಾಳೆ. ಆದರೆ ಅಲ್ಲಿ ಅವಳು ಯಾರ ಗೇಟಿನಲ್ಲಿ ನಿಂತು ಕನ್ನಡದಲ್ಲಿ ನೀರು ಕೇಳುತ್ತಾಳೆ, ಯಾರು ಅವಳ ಕೂಸಿನ ಕಾಲಿನ ಬಟ್ಟೆ ಬಿಚ್ಚಿ ನೋಡುತ್ತಾರೆ? ನಡುದಾರಿಯಲ್ಲೇ ನಿಂತು ಅತ್ತುಬಿಟ್ಟೆ. ಯಾದಮ್ಮ ಬಂದು ಕೈ ಹಿಡಿದು ಮನೆಗೆ ಕರೆತಂದಳು.

ಬೂಟು ಆಸ್ಪತ್ರೆಯ ವಸ್ತು, ಮರಳಿ ಕೊಡಬೇಕು, ಇನ್ನೊಂದು ಕೂಸಿಗೆ ಆದೀತು ಎಂದು ಮರೆಮ್ಮ ಬಿಟ್ಟುಹೋಗಿರಬೇಕು. ಅವಳ ನಿಯತ್ತು ಅಂಥದು. ಕದ ತಟ್ಟಿದರೆ ನಾವು ತಡೆಯುತ್ತೇವೆಂದು ತಟ್ಟಿರಲಿಲ್ಲ.

ಅತ್ತೆ ಕೂತಲ್ಲೇ ಇದ್ದರು. ಸೆರಗಿನ ತುದಿಯಿಂದ ಆ ಬೂಟು ಒರೆಸುತ್ತಿದ್ದರು, ಒರೆಸಲು ಅದರ ಮೇಲೆ ಏನೂ ಇರಲಿಲ್ಲ. ಆಮೇಲೆ ಎದ್ದು, ದೇವರ ಮನೆಯ ಪರದೆ ಸರಿಸಿ, ದೀಪದ ಪಕ್ಕದಲ್ಲಿ ಜಾಗ ಮಾಡಿ ಅದನ್ನಿಟ್ಟರು.

"ಹೊರಗಿಟ್ಟು ಹ್ವಾದ್ಳಲ್ಲವ್ವಾ" ಎಂದರು. "ಒಳಗ ತರಬಹುದು ಅಂತ ಆ ಹುಡಿಗೀಗಿ ನಾನಽ ಹೇಳಬೇಕಾಗಿತ್ತು."